ಪದವಿ ಕೊಡದ ವಿಶ್ವವಿದ್ಯಾನಿಲಯ

ಕಳೆದ ತಿಂಗಳು ನಮ್ಮ ಬಂಧುಗಳೊಬ್ಬರು ಮಗನ ಓದಿನ ವಿಚಾರವಾಗಿ ಸಲಹೆ ಕೇಳಲು ಮನೆಗೆ ಬಂದಿದ್ದರು. ಕೈಯಲ್ಲಿ ನಾಲ್ಕಾರು ಖಾಸಗಿ ವಿಶ್ವವಿದ್ಯಾನಿಲಯಗಳ ಬಣ್ಣಬಣ್ಣದ ವಿವರಣ ಪತ್ರಿಕೆಗಳು. ಒಂದರಲ್ಲಿ ಈಜುಕೊಳದ ಚಿತ್ರ, ಇನ್ನೊಂದರಲ್ಲಿ ಗಾಜಿನ ಗೋಡೆಯ ಗ್ರಂಥಾಲಯ. ಎಲ್ಲವನ್ನೂ ಮುಂದೆ ಹರಡಿ ಅವರು ಕೇಳಿದ ಪ್ರಶ್ನೆ ಒಂದೇ: “ಮೇಷ್ಟ್ರೇ, ಇವರು ಕೊಡೋ ಡಿಗ್ರಿಗೆ ಬೆಲೆ ಇದೆಯೇ?”

ಬಹುಕಾಲ ಮೇಷ್ಟರಾಗಿದ್ದ ನಾನು ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾರೆ. ಹೆತ್ತವರ ಚಿಂತೆ ಹೆತ್ತವರಿಗೇ ಗೊತ್ತು. ಆದರೆ ಅವರು ಹೊರಟುಹೋದ ಮೇಲೆ ನನ್ನ ಮನಸ್ಸು ಹರಿದದ್ದು, ಸರ್ಕಾರ ಮನ್ನಿಸುವ ಡಿಗ್ರಿಯನ್ನು ಕೊಡುವ ಅಧಿಕಾರವೇ ಇಲ್ಲದೆ ಮೂವತ್ತು ವರ್ಷ ಬಾಳಿದ ಒಂದು ಪುಟ್ಟ ಖಾಸಗಿ ವಿಶ್ವವಿದ್ಯಾನಿಲಯದ ಕಡೆಗೆ. ಶಾಂತಿನಿಕೇತನದ ವಿಶ್ವಭಾರತಿಯೇ ಅದು. 1951ರಿಂದ ಅದು ಕೇಂದ್ರ ಸರ್ಕಾರದ ವಿಶ್ವವಿದ್ಯಾನಿಲಯ. ನಾನು ಹೇಳಹೊರಟಿರುವುದು ಅದಕ್ಕೂ ಹಿಂದಿನ ಕಥೆ.

ಮಹರ್ಷಿ ದೇವೇಂದ್ರನಾಥ ಠಾಕೂರರು ಬೋಲ್‌ಪುರದ ಬಳಿಯ ಬಯಲಿನಲ್ಲಿ ಇಪ್ಪತ್ತು ಬಿಘೆ ನೆಲವನ್ನು ಪಡೆದದ್ದು 1863ರಲ್ಲಿ. 1901ರಲ್ಲಿ ಅವರ ಮಗ ರವೀಂದ್ರರು ಅಲ್ಲಿ ಐದು ಮಂದಿ ಹುಡುಗರನ್ನು ಕೂಡಿಸಿಕೊಂಡು ಶಾಲೆ ತೆರೆದರು. ಸ್ವತಃ ರವೀಂದ್ರರು ಯಾವ ಶಾಲೆಯಲ್ಲಿಯೂ ನಿಲ್ಲದೆ ಓಡಿಬಂದ ಹುಡುಗ. ನಾಲ್ಕು ಗೋಡೆಗಳ ಭಯ ತಮ್ಮ ಮಕ್ಕಳಿಗೆ ಬೇಡವೆಂಬುದೇ ಅವರ ಶಿಕ್ಷಣಶಾಸ್ತ್ರದ ಮೊದಲ ಸೂತ್ರ. ಖರ್ಚಿಗೆ ಹಣವಿರಲಿಲ್ಲ. ಪತ್ನಿ ಮೃಣಾಲಿನೀದೇವಿಯವರ ಒಡವೆಗಳು ಮಾರಿಹೋದುವು. ಪುರಿಯಲ್ಲಿದ್ದ ಮನೆಯೂ ಹೋಯಿತು. ಶಾಲೆ ತೆರೆದ ಮರುವರ್ಷವೇ ಆ ತಾಯಿ ತೀರಿಕೊಂಡರು.

ಈ ಶಾಲೆಯೇ ಬೆಳೆದು 1921ರ ಡಿಸೆಂಬರ್ 23ರಂದು ವಿಶ್ವಭಾರತಿಯಾಯಿತು. ಅಂದಿನ ಸಭೆಯ ಅಧ್ಯಕ್ಷತೆ ವಹಿಸಿದವರು ಆಚಾರ್ಯ ಬ್ರಜೇಂದ್ರನಾಥ ಶೀಲರು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರರಾಗಿದ್ದ ಶೀಲರೇ ಅವರು! ಒಂದು ಕಡೆ ಅರಸರ ಆಶ್ರಯದಲ್ಲಿ ಪದವಿ, ಪರೀಕ್ಷೆ, ಕಟ್ಟಡಗಳೊಡನೆ ನಡೆಯುತ್ತಿದ್ದ ಮೈಸೂರು. ಇನ್ನೊಂದು ಕಡೆ ಮರದ ನೆರಳನ್ನೇ ಕಟ್ಟಡವೆಂದು ನಂಬಿದ್ದ ಶಾಂತಿನಿಕೇತನ. ಇವೆರಡನ್ನೂ ಒಬ್ಬನೇ ವಿದ್ವಾಂಸ ವಿಶ್ವವಿದ್ಯಾನಿಲಯವೆಂದು ಕರೆದದ್ದು ಯೋಚಿಸತಕ್ಕ ಸಂಗತಿ. 1928ರಲ್ಲಿ ರವೀಂದ್ರರು ಬೆಂಗಳೂರಿಗೆ ಬಂದಾಗ ಶೀಲರ ಅತಿಥಿಯಾಗಿಯೇ ಇದ್ದರು.

ಅಲ್ಲಿನ ವಿದ್ಯಾರ್ಥಿಯ ದಿನ ಹೇಗಿತ್ತು? ಮುಂಜಾನೆ ಹಾಡಿನಿಂದ ಆರಂಭ. ತಮ್ಮ ತಮ್ಮ ಆಸನವನ್ನು ಕಂಕುಳಲ್ಲಿ ಇರುಕಿಕೊಂಡು ಹುಡುಗ ಹುಡುಗಿಯರು ಮಾವಿನ ತೋಪಿಗೆ ನಡೆಯುವರು. ಗುರುಗಳ ಸುತ್ತ ನೆಲದ ಮೇಲೆ ಕೂರುವರು. ಮಳೆ ಬಂದರೆ ಪಾಠಕ್ಕೆ ವಿರಾಮ. ಭಾನುವಾರದ ಬದಲು ಬುಧವಾರ ರಜೆ. ತಪ್ಪು ಮಾಡಿದವರ ವಿಚಾರಣೆ ವಿದ್ಯಾರ್ಥಿಗಳದೇ ಸಭೆಯಲ್ಲಿ. 1915ರಲ್ಲಿ, ಅದಿನ್ನೂ ಶಾಲೆಯಾಗಿದ್ದಾಗ, ಗಾಂಧೀಜಿ ಬಂದು, ಅಡುಗೆಯವರನ್ನು ಬಿಟ್ಟು ನೀವೇ ಅಡುಗೆ ಮಾಡಿಕೊಳ್ಳಿ, ನೀವೇ ಗುಡಿಸಿ ಎಂದರು. ಆ ಪ್ರಯೋಗ ಬಹಳ ಕಾಲ ನಿಲ್ಲಲಿಲ್ಲ. ಆದರೆ ಅದರ ನೆನಪಿಗೆ ಮಾರ್ಚ್ 10ರಂದು ಕೆಲಸದವರಿಗೆ ಬಿಡುವು ಕೊಟ್ಟು ಮಕ್ಕಳೂ ಮೇಷ್ಟರೂ ಪೊರಕೆ ಹಿಡಿಯುವ ಪದ್ಧತಿ ಬೆಳೆದು ಬಂತು.

ಚಿತ್ರ ಕಲಿಯಬೇಕೆಂದರೆ ನಂದಲಾಲ ಬಸುಗಳ ಕಲಾಭವನ. ಚೀನೀ ಭಾಷೆ ಬೇಕೆಂದರೆ 1937ರಲ್ಲಿ ತಾನ್ ಯುನ್ ಶಾನರ ಶ್ರಮದಿಂದ ತೆರೆದ ಚೀನಾಭವನ. ಒಕ್ಕಲುತನ, ನೇಯ್ಗೆ, ತೊಗಲಿನ ಕೆಲಸಕ್ಕೆ ಪಕ್ಕದ ಸುರುಲ್ ಗ್ರಾಮದಲ್ಲಿ 1922ರಲ್ಲಿ ಆರಂಭವಾದ ಶ್ರೀನಿಕೇತನ. ಕಲಾಭವನದ ವಿದ್ಯಾರ್ಥಿಗಳು ತಮ್ಮ ವಸತಿಗೃಹದ ಮಣ್ಣಿನ ಗೋಡೆಗೆ ತಾವೇ ಉಬ್ಬುಶಿಲ್ಪ ಮೂಡಿಸಿ ಡಾಂಬರು ಬಳಿದರು. ‘ಕರಿಯ ಮನೆ’ಯೆಂದೇ ಅದಕ್ಕೆ ಹೆಸರಾಯಿತು. ಮುಂದೆ ಭಾರತ ಸಂವಿಧಾನದ ಕೈಬರಹದ ಪ್ರತಿಗೆ ಚಿತ್ರಾಲಂಕಾರ ಮಾಡಿದವರು ಇದೇ ನಂದಲಾಲರೂ ಅವರ ಶಿಷ್ಯರೂ.

ಸರಿ, ಡಿಗ್ರಿ? ಅದು ಬೇಕಾದವರು ಕಲ್ಕತ್ತಾ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂರಬೇಕಾಗಿತ್ತು. ಪರೀಕ್ಷೆಯನ್ನು ಒಲ್ಲದ ಕವಿಯ ತೋಪಿನಿಂದಲೇ ಮಕ್ಕಳು ಪರೀಕ್ಷೆಗೆ ಹೊರಟು ನಿಲ್ಲುತ್ತಿದ್ದರು. ನಮ್ಮ ಬಂಧುಗಳ ಪ್ರಶ್ನೆ ಅಂದೂ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಣದ ಕಥೆ ಇನ್ನೂ ಕಷ್ಟದ್ದು. ಖಾಸಗಿ ಎಂದರೆ ಅಲ್ಲಿ ಒಬ್ಬ ಮನುಷ್ಯನ ಜೋಳಿಗೆ ಎಂದೇ ಅರ್ಥ. ತಮ್ಮ ಬಂಗಾಳಿ ಪುಸ್ತಕಗಳ ಹಕ್ಕನ್ನು ರವೀಂದ್ರರು ಸಂಸ್ಥೆಗೆ ಬರೆದುಕೊಟ್ಟರು. ಸಾಲದೆ, 1936ರಲ್ಲಿ, ಎಪ್ಪತ್ತೈದರ ಅಂಚಿನಲ್ಲಿ, ವಿದ್ಯಾರ್ಥಿಗಳ ನೃತ್ಯತಂಡವನ್ನು ಕರೆದುಕೊಂಡು ಉತ್ತರ ಭಾರತದ ಊರೂರು ಅಲೆಯಹೊರಟರು. ದೆಹಲಿಯಲ್ಲಿ ಇದನ್ನು ಕಂಡು ಗಾಂಧೀಜಿಗೆ ತಡೆಯಲಾಗಲಿಲ್ಲ. ಅರುವತ್ತು ಸಾವಿರ ರೂಪಾಯಿ ಕೂಡಿಸಿ ಕೊಟ್ಟು, ಇನ್ನು ತಿರುಗಾಟ ಸಾಕೆಂದು ಹಿಂದಕ್ಕೆ ಕಳಿಸಿದರು. 1940ರ ಫೆಬ್ರವರಿಯಲ್ಲಿ ಗಾಂಧೀಜಿ ಶಾಂತಿನಿಕೇತನದಿಂದ ಹೊರಡುವಾಗ ಕವಿ ಅವರ ಕೈಗೊಂದು ಕಾಗದವಿತ್ತರು: ತಾನಿಲ್ಲದ ಮೇಲೆ ಇದನ್ನು ಕಾಪಾಡಬೇಕು ಎಂಬುದು ಅದರ ಸಾರ. ಗಾಂಧೀಜಿ ಅದನ್ನು ಮೌಲಾನಾ ಆಜಾದರಿಗೆ ಒಪ್ಪಿಸಿದರು. 1941ರ ಆಗಸ್ಟಿನಲ್ಲಿ ಕವಿ ಕಣ್ಮುಚ್ಚಿದರು. ಆಜಾದರು ಶಿಕ್ಷಣ ಮಂತ್ರಿಯಾಗಿದ್ದಾಗ, 1951ರಲ್ಲಿ, ಶಾಸನವಾಗಿ ವಿಶ್ವಭಾರತಿಗೆ ಸರ್ಕಾರದ ಹಣವೂ ಬಂತು, ಡಿಗ್ರಿಯೂ ಬಂತು.

ಬಂದದ್ದು ತಪ್ಪೆಂದು ನಾನು ಹೇಳಲಾರೆ. ಬರದಿದ್ದರೆ ಆ ಸಂಸ್ಥೆ ಉಳಿಯುವುದೇ ಕಷ್ಟವಿತ್ತು. ಜೋಳಿಗೆಯಿಂದ ಎಷ್ಟು ಕಾಲ ಸಂಸಾರ ನಡೆದೀತು? ಆದರೂ ಆ ಮೂವತ್ತು ವರ್ಷಗಳ ಲೆಕ್ಕ ಬೇರೆಯೇ. 1940ರಲ್ಲಿ ಕಲಾಭವನವನ್ನು ಸೇರಿದ ಸತ್ಯಜಿತ್ ರಾಯ್ 1942ರಲ್ಲಿ ಓದು ಮುಗಿಸದೆಯೇ ಹೊರಟುಹೋದರು. ಮೂವತ್ತು ವರ್ಷ ಕಳೆದ ಮೇಲೆ, 1972ರಲ್ಲಿ, ಅಲ್ಲಿ ತಮಗೆ ಕಲಿಸಿದ, ಆ ವೇಳೆಗೆ ಕಣ್ಣು ಕಳೆದುಕೊಂಡಿದ್ದ ಬಿನೋದ ಬಿಹಾರಿ ಮುಖರ್ಜಿಯವರ ಮೇಲೆ ಸಾಕ್ಷ್ಯಚಿತ್ರ ತೆಗೆದರು. ಡಿಗ್ರಿ ಕೊಡದ ಗುರುವಿಗೆ ಶಿಷ್ಯ ಸಲ್ಲಿಸಿದ ಕಾಣಿಕೆ ಅದು.

ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲ ನಾನು ಅಲ್ಲಿಗೆ ಹೋಗಿದ್ದೆ. ಮಹರ್ಷಿಗಳು ಧ್ಯಾನಕ್ಕೆ ಕೂರುತ್ತಿದ್ದ ಜಾಗದಲ್ಲಿ ಸಪ್ತಪರ್ಣಿ ವೃಕ್ಷ. ನೋಡಿದರೆ, ನಮ್ಮ ಕರಾವಳಿಯ ಹಾಲೆಮರವೇ! ಆಟಿ ಅಮಾವಾಸ್ಯೆಯಂದು ಬೆಳಗಿನ ಜಾವ ಎದ್ದು ತೊಗಟೆ ತಂದು ಅಮ್ಮ ಕುಡಿಸುತ್ತಿದ್ದ ಕಹಿ ಕಷಾಯ ನಾಲಗೆಗೆ ನೆನಪಾಯಿತು. ವಿಶ್ವಭಾರತಿಯ ಘಟಿಕೋತ್ಸವದಲ್ಲಿ ಪದವೀಧರರ ಕೈಗೆ ಈ ಮರದ ಎಲೆಗೊಂಚಲನ್ನು ಕೊಡುವುದು ಹಿಂದೆ ಸಂಪ್ರದಾಯವಾಗಿತ್ತು. ಎಲೆಯನ್ನು ತೋರಿಸಿದರೆ ಯಾವ ಕಚೇರಿಯವರೂ ಕೆಲಸ ಕೊಡುವುದಿಲ್ಲ, ನಿಜ.

ಬಂಧುಗಳಿಗೆ ಮರುದಿನ ಫೋನು ಮಾಡಿದೆ. “ಡಿಗ್ರಿಗೆ ಬೆಲೆ ಇದೆಯೇ ಎಂದು ಖಂಡಿತ ವಿಚಾರಿಸಿ. ಜೊತೆಗೆ ಇನ್ನೊಂದು ಮಾತನ್ನೂ ಕೇಳಿ ಬನ್ನಿ: ಅಲ್ಲಿ ಹುಡುಗನ ಪಕ್ಕದಲ್ಲಿ ಕೂತು ಕಲಿಸುವವರು ಯಾರು?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಈ ಪುಸ್ತಕದಲ್ಲಿ ಬರೆದಿಲ್ಲವಲ್ಲ ಮೇಷ್ಟ್ರೇ” ಎಂದರು.