ಬೆಂಗಳೂರು ನಗರಪಾಲಿಕೆಯ ಸಮಿತಿಗಳು ಮತ್ತು ಸಮುದಾಯ ಸೇವೆಗಳು

ಬೆಂಗಳೂರಿನ ನಗರಾಡಳಿತದಲ್ಲಿ ಆರೋಗ್ಯ, ಶಿಕ್ಷಣ, ಬಡವರ ಕಲ್ಯಾಣ, ಉದ್ಯಾನ, ಮಾರುಕಟ್ಟೆ ಮೊದಲಾದ ಸೇವೆಗಳನ್ನು ಪರಿಶೀಲಿಸಿ ಶಿಫಾರಸು ಮಾಡಲು ಅಥವಾ ಮಂಜೂರು ಮಾಡಲು ಎರಡು ಬಗೆಯ ಸಮಿತಿಗಳು ರೂಪುಗೊಂಡವು. ಪಾಲಿಕೆ ಸದಸ್ಯರು ತಮ್ಮೊಳಗಿಂದ ಆರಿಸಿಕೊಳ್ಳುವ ಸ್ಥಾಯಿ ಸಮಿತಿಗಳು ಒಂದು ಬಗೆ. ಬಡಾವಣೆಯ ನಿವಾಸಿಗಳನ್ನೂ ಒಳಗೊಳ್ಳುವ ವಾರ್ಡ್ ಸಮಿತಿಗಳು ಇನ್ನೊಂದು. ಪತ್ರಿಕಾ ವರದಿಗಳಲ್ಲಿ ಇವೆರಡೂ ಆಗಾಗ ಬೆರೆತುಹೋಗುತ್ತವೆ. ವಾರ್ಡ್ ಸಮಿತಿಗಳ ಆರಂಭದ ವರ್ಷವನ್ನಂತೂ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ.

ಆರಂಭ

1850ರ ಪಟ್ಟಣ ಸುಧಾರಣಾ ಕಾಯಿದೆಯಡಿ 1862ರ ಮಾರ್ಚ್ 27ರಂದು ಪೇಟೆಯ ಒಂಬತ್ತು ಗಣ್ಯರನ್ನು ಸೇರಿಸಿ ಪುರಸಭಾ ಮಂಡಳಿ ರಚನೆಯಾಯಿತು. ಅದೇ ಅವಧಿಯಲ್ಲಿ ದಂಡು (ಕಂಟೋನ್ಮೆಂಟ್) ಪ್ರದೇಶಕ್ಕೂ ಪ್ರತ್ಯೇಕ ಮಂಡಳಿ ಬಂತು. 1881ರಲ್ಲಿ ಎರಡಕ್ಕೂ ಕಾನೂನಿನ ಮಾನ್ಯತೆ ದೊರೆಯಿತು. ಮರುವರ್ಷ ಅರ್ಧದಷ್ಟು ಸದಸ್ಯರ ಚುನಾವಣೆಗೆ ಅವಕಾಶವಾಯಿತು. ಪಾಲಿಕೆ ಹುಟ್ಟಿದ ವರ್ಷ 1862, 1881, 1949 ಎಂದು ಮೂರು ಬಗೆಯಾಗಿ ಕಾಣಿಸುವುದಕ್ಕೆ ಕಾರಣ ಇಲ್ಲಿದೆ. ಮಂಡಳಿ, ಶಾಸನಬದ್ಧ ಪುರಸಭೆ, ಕಾರ್ಪೊರೇಷನ್ ಎಂಬ ಮೂರು ಬೇರೆ ಸಂಸ್ಥೆಗಳ ಆರಂಭಗಳು ಇವು.

1898ರ ಪ್ಲೇಗ್ ಆರೋಗ್ಯ ಮತ್ತು ನೈರ್ಮಲ್ಯವನ್ನು ಪುರಸಭೆಯ ಮೊದಲ ಕರ್ತವ್ಯವನ್ನಾಗಿಸಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ಕಾಲದವು. 1949ರಲ್ಲಿ ಪೇಟೆ ಮತ್ತು ದಂಡಿನ ಪುರಸಭೆಗಳು ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು, ಮೇಯರ್ ಹುದ್ದೆ ಬಂತು. ಕೌನ್ಸಿಲ್, ಸ್ಥಾಯಿ ಸಮಿತಿ, ಕಮಿಷನರ್ ಎಂಬ ಮೂರು ಅಧಿಕಾರ ಕೇಂದ್ರಗಳ ವಿನ್ಯಾಸ ಅಲ್ಲಿಂದ ಇತ್ತೀಚಿನವರೆಗೂ ಉಳಿದುಬಂತು. ಅದರ ಸುತ್ತಲಿನ ಸೇವೆಗಳು ಮಾತ್ರ ಒಂದೊಂದಾಗಿ ಕಳಚಿಕೊಂಡವು. ಬಡಾವಣೆ ನಿರ್ಮಾಣ 1945ರಲ್ಲೇ ನಗರ ಸುಧಾರಣಾ ಮಂಡಳಿಗೆ (ಸಿ.ಐ.ಟಿ.ಬಿ.) ಹೋಗಿತ್ತು, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ (ಬಿ.ಡಿ.ಎ.) ಬಂತು. ನೀರು ಮತ್ತು ಒಳಚರಂಡಿ 1964ರಲ್ಲಿ ಜಲಮಂಡಳಿಯ ಪಾಲಾಯಿತು. ಸಮಿತಿಗಳ ಅಧಿಕಾರವನ್ನು ಅಳೆಯುವವರು ಕಾಯಿದೆಯ ಕಲಮುಗಳ ಜೊತೆಗೆ ಈ ಕಳೆಯುವ ಲೆಕ್ಕವನ್ನೂ ನೋಡಬೇಕಾಗುತ್ತದೆ.

ಸ್ಥಾಯಿ ಸಮಿತಿಗಳು

1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮ ರಾಜ್ಯದ ಎಲ್ಲ ನಗರಪಾಲಿಕೆಗಳಿಗೂ ಒಂದೇ ಚೌಕಟ್ಟು ಕೊಟ್ಟಿತು. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡಗಳಲ್ಲಿ ಸ್ಥಾಯಿ ಸಮಿತಿಗಳು ನಾಲ್ಕು. ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಮೂರೂ ಅಲ್ಲಿ ಒಂದೇ ಸಮಿತಿಯ ಕೈಯಲ್ಲಿವೆ. ಬೆಂಗಳೂರಿನಲ್ಲಿ ಇವು ಮೂರು ಸಮಿತಿಗಳಾದವು. ತಿದ್ದುಪಡಿಗಳ ಮೂಲಕ ಒಟ್ಟು ಸಂಖ್ಯೆ 12ಕ್ಕೆ ಏರಿತು. ತೋಟಗಾರಿಕೆ, ಮಾರುಕಟ್ಟೆ, ಅಪೀಲು, ಆಡಳಿತ ಸುಧಾರಣೆಗಳಿಗೆ ಬೇರೆ ಬೇರೆ ಸಮಿತಿಗಳಿದ್ದವು. ಬೃಹತ್ ಕಾಮಗಾರಿಗೊಂದು, ವಾರ್ಡ್ ಮಟ್ಟದ ಕಾಮಗಾರಿಗೆ ಮತ್ತೊಂದು. ಕೆಲಸದ ಹೊರೆ ಈ ವಿಸ್ತರಣೆಗೆ ಒಂದು ಕಾರಣ. ಆದರೆ ಅಧ್ಯಕ್ಷ ಸ್ಥಾನಗಳ ರಾಜಕೀಯ ಬೆಲೆಯನ್ನು ಮರೆತರೆ ಚಿತ್ರ ಪೂರ್ತಿಯಾಗದು. 2015ರ ಚುನಾವಣೆಯಲ್ಲಿ 198 ಸ್ಥಾನಗಳಲ್ಲಿ ಬಿ.ಜೆ.ಪಿ. 100, ಕಾಂಗ್ರೆಸ್ 76, ಜೆ.ಡಿ.ಎಸ್. 14 ಗೆದ್ದವು. ಶಾಸಕರು ಮತ್ತು ಸಂಸದರ ಮತಗಳೂ ಸೇರಿ ಮೇಯರ್ ಪಟ್ಟ ಕಾಂಗ್ರೆಸ್-ಜೆ.ಡಿ.ಎಸ್. ಮೈತ್ರಿಗೆ ಹೋಯಿತು; ಜೆ.ಡಿ.ಎಸ್. ಸದಸ್ಯರನ್ನೂ ಪಕ್ಷೇತರರನ್ನೂ ಜೊತೆಗಿಟ್ಟುಕೊಳ್ಳಲು ಸ್ಥಾಯಿ ಸಮಿತಿಗಳ ಅಧ್ಯಕ್ಷಗಿರಿ ಒದಗಿಬಂತು.

ಸಮಿತಿಯ ಅವಧಿ ಒಂದೇ ವರ್ಷವಾಗಿತ್ತು. ಅಧಿಕಾರಿಗಳು ಕಡತ ಮಂಡಿಸುತ್ತಿದ್ದರು, ಸಮಿತಿ ಚರ್ಚಿಸಿ ನಿರ್ಣಯ ಮಾಡುತ್ತಿತ್ತು, ತನ್ನ ಮಿತಿ ಮೀರಿದ ವಿಷಯವನ್ನು ಕೌನ್ಸಿಲ್ ಸಭೆಗೆ ಕಳಿಸುತ್ತಿತ್ತು. ಇನ್ನೂ ದೊಡ್ಡ ಮೊತ್ತವಾದರೆ ಕಡತ ವಿಧಾನಸೌಧದ ಹಾದಿ ಹಿಡಿಯುತ್ತಿತ್ತು. ಜಾರಿಯ ಹೊಣೆ ಸರ್ಕಾರ ನೇಮಿಸಿದ ಆಯುಕ್ತರದಾಗಿತ್ತು. ಹೊಸ ಅಧ್ಯಕ್ಷರು ಇಲಾಖೆಯ ಒಳಹೊರಗು ತಿಳಿಯುವಷ್ಟರಲ್ಲಿ ವರ್ಷ ಮುಗಿದಿರುತ್ತಿತ್ತು.

ಸಮುದಾಯ ಕಾರ್ಯಕ್ರಮಗಳ ವಿಷಯದಲ್ಲಿ ಸಾಮಾಜಿಕ ನ್ಯಾಯ ಸಮಿತಿಯ ಕಾರ್ಯಕ್ಷೇತ್ರಕ್ಕೆ ವಿಶೇಷ ಮಹತ್ವವಿತ್ತು, ಏಕೆಂದರೆ ಅಲ್ಲಿನ ಹಣ ಆಡಳಿತ ಪಕ್ಷದ ಮರ್ಜಿಗೆ ಬಿಟ್ಟದ್ದಾಗಿರಲಿಲ್ಲ. ಪಾಲಿಕೆಯ ಸ್ವಂತ ವರಮಾನದ ಇಂತಿಷ್ಟು ಪಾಲನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮೀಸಲಿಡಬೇಕೆಂದು ಸರ್ಕಾರದ ಆದೇಶವಿದೆ. ಮೊದಲು ಶೇ. 18 ಇದ್ದದ್ದು 22.75ಕ್ಕೆ, ಮುಂದೆ 24.10ಕ್ಕೆ ಏರಿತು. ಇತರ ಹಿಂದುಳಿದ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5. ಈ ನಿಧಿಯಿಂದ ಒಂಟಿ ಮನೆ ಯೋಜನೆಯ ಸಹಾಯಧನ, ಹೊಲಿಗೆ ಯಂತ್ರ, ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್, ಅಂಗವಿಕಲರಿಗೆ ವಾಹನ ಇಂಥವು ಬಂದವು. ನಿಧಿ ಖರ್ಚಾಗದೆ ಉಳಿಯುವುದು, ಫಲಾನುಭವಿಗಳ ಪಟ್ಟಿ ಕಾರ್ಪೊರೇಟರ್ ಕಚೇರಿಯಲ್ಲಿ ತಯಾರಾಗುವುದು ಹಳೆಯ ದೂರುಗಳು.

ಎಲ್ಲ ಸೇವೆಗಳೂ ಸಮಿತಿಯ ಮೇಜಿನಿಂದಲೇ ಹೊರಟವಲ್ಲ. 2017ರ ಆಗಸ್ಟ್ 16ರಂದು ಆರಂಭವಾದ ಇಂದಿರಾ ಕ್ಯಾಂಟೀನ್‌ನಲ್ಲಿ ಉಪಾಹಾರಕ್ಕೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ವಾರ್ಡಿಗೊಂದು ಎಂಬ ಗುರಿಯಿಟ್ಟುಕೊಂಡ ಈ ಯೋಜನೆಯನ್ನು ರೂಪಿಸಿದ್ದು ರಾಜ್ಯ ಸರ್ಕಾರ, ನಡೆಸಿದ್ದು ಪಾಲಿಕೆ. ಪಾಲಿಕೆಯ ಹೆರಿಗೆ ಆಸ್ಪತ್ರೆಗಳಲ್ಲಿ 2018ರ ಹೊಸ ವರ್ಷದಂದು ಹುಟ್ಟುವ ಮೊದಲ ಹೆಣ್ಣು ಮಗುವಿಗೆ 5 ಲಕ್ಷ ರೂಪಾಯಿ ಠೇವಣಿಯ ಘೋಷಣೆ ಬಂದದ್ದು ಮೇಯರ್ ಕಡೆಯಿಂದ. ಪ್ರಚಾರ ಪಡೆದ ಕಾರ್ಯಕ್ರಮಗಳಲ್ಲಿ ಸಮಿತಿಯ ಹೆಸರು ಕೇಳಿಬರುವುದು ಅಪರೂಪ.

ವಾರ್ಡ್ ಸಮಿತಿ: ಆರಂಭ ಯಾವಾಗ?

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ, 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದಿತು. ಆದರೆ 243ಎಸ್ ವಿಧಿ ‘ಒಂದು ಅಥವಾ ಹೆಚ್ಚು ವಾರ್ಡುಗಳಿಗೆ’ ಒಂದು ಸಮಿತಿ ಸಾಕೆಂಬ ಸಡಿಲವನ್ನೂ ಇಟ್ಟಿತ್ತು. ಬೆಂಗಳೂರಿನ ನಂತರದ ಗೊಂದಲಕ್ಕೆ ಮೂಲ ಇದೇ.

ನಗರದ ಮೊದಲ ವಾರ್ಡ್ ಸಮಿತಿಗಳು 1999ರಲ್ಲಿ ಬಂದವು. ಆಗಿದ್ದ 100 ವಾರ್ಡುಗಳಿಗೆ 30 ಸಮಿತಿಗಳು, ಅಂದರೆ ಮೂರು-ನಾಲ್ಕು ವಾರ್ಡಿಗೆ ಒಂದು. ಕಾರ್ಪೊರೇಟರ್‌ಗಳ ಜೊತೆ ಸರ್ಕಾರ ನಾಮಕರಣ ಮಾಡಿದ ಸದಸ್ಯರಿದ್ದರು. 2001ರ ಚುನಾವಣೆಯ ನಂತರ ಅವು ನಿಂತು, 2003ರ ಹೊತ್ತಿಗೆ ಮತ್ತೆ ಹುಟ್ಟಿ, 2006ರ ನವೆಂಬರ್‌ನಲ್ಲಿ ಕೌನ್ಸಿಲ್ ಅವಧಿಯೊಂದಿಗೆ ಮುಗಿದವು. ಅದೇ ಕಾಲದ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಎಂಬ ಸರ್ಕಾರ ರಚಿಸಿದ್ದ ಕಾರ್ಯಪಡೆಯ ಬಗ್ಗೆ ಎಷ್ಟೋ ಪುಟಗಳ ಬರಹವಿದೆ, ಈ 30 ಸಮಿತಿಗಳ ಬಗ್ಗೆ ಇರುವುದು ಅತ್ಯಲ್ಪ. ವಾರ್ಡ್ ಸಮಿತಿ 2013ರಲ್ಲಿ ಹುಟ್ಟಿತೆಂದು ಬರೆಯುವವರು ಈ ಹಂತವನ್ನು ಪೂರ್ತಿ ಬಿಟ್ಟುಬಿಡುತ್ತಾರೆ.

2007ರಲ್ಲಿ 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿ.ಬಿ.ಎಂ.ಪಿ.) ಆಯಿತು. ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. 2011ರ ತಿದ್ದುಪಡಿ ಪ್ರತಿ ವಾರ್ಡಿಗೂ ಒಂದು ಸಮಿತಿ ಎಂದು ಸ್ಪಷ್ಟಪಡಿಸಿತು: ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ 10 ಸದಸ್ಯರು, ಅವರಲ್ಲಿ ಕನಿಷ್ಠ 3 ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡಗಳ 2, ನಿವಾಸಿ ಸಂಘಗಳ 2 ಮಂದಿ. ಅಧ್ಯಕ್ಷರ ಒಪ್ಪಿಗೆಯಿಲ್ಲದೆ ತೀರ್ಮಾನವಿಲ್ಲ ಎಂಬ ಷರತ್ತನ್ನೂ ಸೇರಿಸಲಾಯಿತು. ನಾಗರಿಕ ಗುಂಪುಗಳು ಇದನ್ನು ಕಟುವಾಗಿ ಟೀಕಿಸಿದವು.

ಕಾಯಿದೆ ಬಂದರೂ ಸಮಿತಿ ಬರಲಿಲ್ಲ. ಅದಕ್ಕೆ ಕಸ ಬೇಕಾಯಿತು. 2012ರಲ್ಲಿ ನಗರದ ಕಸ ಹೊರುತ್ತಿದ್ದ ಮಂಡೂರು ಗ್ರಾಮದ ಜನ ತಿರುಗಿಬಿದ್ದರು. ಕಸ ವಿಲೇವಾರಿಯ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆಯಲ್ಲಿ ಹೈಕೋರ್ಟ್, ವಾರ್ಡ್ ಸಮಿತಿಗಳನ್ನು ರಚಿಸುವಂತೆ ಪಾಲಿಕೆಯನ್ನು ಒತ್ತಾಯಿಸಿತು. 2013ರಲ್ಲಿ ರಚನೆಯಾದ ಸಮಿತಿಗಳು ಬಹುಮಟ್ಟಿಗೆ ಕಾಗದದ ಮೇಲೇ ಉಳಿದವು. 2016ರ ನಿಯಮಗಳು ಮತ್ತು ನ್ಯಾಯಾಲಯದ ಮುಂದುವರಿದ ಒತ್ತಡದ ನಂತರ, 2017–18ರ ಹೊತ್ತಿಗೆ 198 ವಾರ್ಡುಗಳಿಗೂ ಸಮಿತಿಗಳಾದವು.

ತಿರುವು ಎಂದು ಕರೆಯಬಹುದಾದದ್ದು 2018ರ ಕೊನೆಯಲ್ಲಿ ಹೊರಟ ಒಂದು ಸಾಮಾನ್ಯ ಆಡಳಿತಾತ್ಮಕ ಸೂಚನೆ: ಪ್ರತಿ ತಿಂಗಳ ಮೊದಲ ಶನಿವಾರ ಸಭೆ. ದಿನ ನಿಗದಿಯಾದದ್ದರಿಂದ ಯಾವ ವಾರ್ಡಿನಲ್ಲಿ ಸಭೆ ನಡೆಯಲಿಲ್ಲ ಎಂಬುದು ಮೊದಲ ಬಾರಿಗೆ ಎಣಿಕೆಗೆ ಸಿಕ್ಕಿತು. ಹಾಜರಾತಿ, ಸಭಾ ನಡವಳಿ, ಅದರ ಪ್ರಕಟಣೆಗಳಿಗಾಗಿ ನಾಗರಿಕ ಸಂಘಟನೆಗಳು ಪಟ್ಟುಹಿಡಿದವು. ಬೀದಿದೀಪ, ಕಟ್ಟಿಕೊಂಡ ಚರಂಡಿ, ಉದ್ಯಾನದ ಬೀಗ ತೆರೆಯುವ ಹೊತ್ತು ಮುಂತಾದ ಸಣ್ಣ ವಿಷಯಗಳೇ ಚರ್ಚೆಯಲ್ಲಿ ಹೆಚ್ಚು. 2020ರ ನಂತರದ ದಾಖಲೆಗಳಲ್ಲಿ ಗುಂಡಿ ಮುಚ್ಚುವುದು, ಪಾದಚಾರಿ ಮಾರ್ಗ, ಕೊಳವೆ ಬಾವಿಗಳಿಗೆ ವಾರ್ಡಿಗೆ 60 ಲಕ್ಷ ರೂಪಾಯಿಯ ಹಂಚಿಕೆ ಕಾಣಿಸುತ್ತದೆ.

2020ರ ನಂತರ

2020ರ ಏಪ್ರಿಲ್ 20ರಂದು ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿ ಅಧ್ಯಕ್ಷ ಎಲ್. ಶ್ರೀನಿವಾಸ್ ಸುಮಾರು 10,899 ಕೋಟಿ ರೂಪಾಯಿಯ ಬಜೆಟ್ಟನ್ನು ಲಾಕ್‌ಡೌನ್ ನಡುವೆ ಆನ್‌ಲೈನ್‌ನಲ್ಲಿ ಮಂಡಿಸಿದರು. ಚುನಾಯಿತ ಸಮಿತಿ ಅಧ್ಯಕ್ಷರೊಬ್ಬರು ಮಂಡಿಸಿದ ಬಿ.ಬಿ.ಎಂ.ಪಿ.ಯ ಕೊನೆಯ ಬಜೆಟ್ ಅದು. ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಅವಧಿ ಮುಗಿಯಿತು. ಕೌನ್ಸಿಲ್ ಮತ್ತು 12 ಸಮಿತಿಗಳ ಅಧಿಕಾರ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೊಬ್ಬರಲ್ಲಿ ಸೇರಿತು. ಸಮಿತಿಯ ಶಿಫಾರಸು, ಕೌನ್ಸಿಲ್‌ನ ಒಪ್ಪಿಗೆ ಎಂಬ ಎರಡು ಹಂತಗಳು ಒಂದೇ ಸಹಿಯಾದವು. ವಾರ್ಡ್ ಸಮಿತಿಗಳು ಮಾತ್ರ ವಿಚಿತ್ರವಾಗಿ ಉಳಿದುಕೊಂಡವು, ಕಾರ್ಪೊರೇಟರ್ ಬದಲು ನೋಡಲ್ ಅಧಿಕಾರಿಗಳ ಅಧ್ಯಕ್ಷತೆಯಲ್ಲಿ. ಅಧ್ಯಕ್ಷರ ಒಪ್ಪಿಗೆ ಬೇಕೆಂಬ 2011ರ ಷರತ್ತನ್ನು ವಿರೋಧಿಸಿದ್ದವರು ಈಗ ಚುನಾಯಿತ ಅಧ್ಯಕ್ಷರೇ ಇಲ್ಲದ ಸಭೆಗಳಲ್ಲಿ ಅಧಿಕಾರಿಗಳ ಹಾಜರಾತಿಗಾಗಿ ಒತ್ತಾಯಿಸಬೇಕಾಯಿತು.

2021ರ ಜನವರಿಯಲ್ಲಿ ಜಾರಿಗೆ ಬಂದ ಬಿ.ಬಿ.ಎಂ.ಪಿ. ಅಧಿನಿಯಮ ಮೇಯರ್ ಅವಧಿಯನ್ನು 30 ತಿಂಗಳಿಗೆ ಏರಿಸಿತು. ಶಾಸಕರ ಅಧ್ಯಕ್ಷತೆಯ ಕ್ಷೇತ್ರ ಮಟ್ಟದ ಸಮಾಲೋಚನಾ ಸಮಿತಿಗಳನ್ನು ಸೇರಿಸಿತು. ಅದರಡಿ ಒಂದು ಚುನಾವಣೆಯೂ ನಡೆಯಲಿಲ್ಲ. 2024ರ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ 2025ರ ಮೇ 15ರಂದು ಅದರ ಜಾಗಕ್ಕೆ ಬಂತು. ಅದೇ ವರ್ಷದ ಸೆಪ್ಟೆಂಬರ್ 2ರಂದು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು, ಚುನಾಯಿತ ಸದಸ್ಯರಿಲ್ಲದೆಯೇ, ಅಸ್ತಿತ್ವಕ್ಕೆ ಬಂದವು. ಅವುಗಳ ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಸಾಮಾಜಿಕ ನ್ಯಾಯ ಸಮಿತಿ ನೋಡಿಕೊಳ್ಳುತ್ತಿದ್ದ ಮೀಸಲು ನಿಧಿ ಪಾಲಿಕೆಯ ಸ್ವಂತ ವರಮಾನದ ಶೇಕಡಾವಾರು ಆಗಿರುವುದರಿಂದ, ವೈಟ್‌ಫೀಲ್ಡ್ ಸೀಮೆಯ ಐ.ಟಿ. ಕಟ್ಟಡಗಳ ಆಸ್ತಿ ತೆರಿಗೆ ಪಡೆಯುವ ಪೂರ್ವ ಪಾಲಿಕೆಯಲ್ಲಿ ಅದರ ಮೊತ್ತ ಒಂದಾದರೆ, ಚಿಕ್ಕಪೇಟೆ, ಶಿವಾಜಿನಗರ, ಚಾಮರಾಜಪೇಟೆಗಳ ಹಳೆಯ ಬಡಾವಣೆಗಳಿರುವ ಕೇಂದ್ರ ಪಾಲಿಕೆಯಲ್ಲಿ ಇನ್ನೊಂದಾಗುತ್ತದೆ.