ರಕ್ತನಾಳಗಳ ಉರಿಯೂತ: ಒಂದು ರೋಗನಾಮದ ಚರಿತ್ರೆ

ರೋಗಕ್ಕಿಟ್ಟ ಹೆಸರು, ಆ ಕಾಲದ ವೈದ್ಯರು ರೋಗದಲ್ಲಿ ಏನನ್ನು ಕಂಡಿದ್ದರೆಂಬುದನ್ನು ತಿಳಿಸುವುದು. ಹಲವು ಅಂಗಗಳ ರಕ್ತನಾಳಗಳು ಉರಿಯೂತಕ್ಕೊಳಗಾಗುವ ವ್ಯಾಸ್ಕ್ಯುಲೈಟಿಸ್ ಎಂಬ ರೋಗವರ್ಗದ ಚರಿತ್ರೆಯಲ್ಲಿ ಇದು ವಿಶದವಾಗಿ ತೋರುತ್ತದೆ.

1866ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದ ಕುಸ್‌ಮೌಲ್, ಮೈಯರ್ ಎಂಬ ವಿದ್ವಾಂಸರು 27 ವರ್ಷದ ದರ್ಜಿಯೊಬ್ಬನ ರೋಗವೃತ್ತಾಂತವನ್ನು ಪ್ರಕಟಿಸಿದರು. ಅವನು ಚಿಕಿತ್ಸೆಗೆ ಬಂದು ಸುಮಾರು ಒಂದು ತಿಂಗಳಲ್ಲಿ ಮೃತನಾಗಿದ್ದನು. ಶವಪರೀಕ್ಷೆಯಲ್ಲಿ ಅಪಧಮನಿಗಳ ಉದ್ದಕ್ಕೂ ಗಂಟುಗಳು ಕಂಡುಬಂದುವು. ಆದುದರಿಂದ ‘ಪೆರಿಆರ್ಟರೈಟಿಸ್ ನೋಡೋಸ’ ಎಂದು ಹೆಸರಿಟ್ಟರು. ‘ಪೆರಿ’ ಎಂದರೆ ಸುತ್ತ, ‘ನೋಡೋಸ’ ಎಂದರೆ ಗಂಟುಳ್ಳದ್ದು. ಉರಿಯೂತವು ನಾಳದ ಗೋಡೆಯನ್ನೆಲ್ಲ ವ್ಯಾಪಿಸುವುದೆಂದು ತಿಳಿದಮೇಲೆ ‘ಪೆರಿ’ ಹೋಗಿ, ಅನೇಕವೆಂಬರ್ಥದ ‘ಪಾಲಿ’ ಬಂದಿತು. ಎರಡೂ ಕಣ್ಣಿಗೆ ಕಂಡ ರೂಪವನ್ನು ಹೇಳುವ ಹೆಸರುಗಳೇ, ಕಾರಣವನ್ನು ಹೇಳತಕ್ಕವಲ್ಲ.

ಅನಂತರ ರೋಗಗಳಿಗೆ ವೈದ್ಯರ ಹೆಸರುಗಳೇ ಅಂಟಿಕೊಂಡುವು. ಜಪಾನಿನ ನೇತ್ರವೈದ್ಯ ತಕಯಾಸುವಿನ ಲೇಖನವು 1908ರಲ್ಲಿ ಹೊರಬಂದಿತು. ಮೂಗು, ಶ್ವಾಸಕೋಶ, ಮೂತ್ರಪಿಂಡಗಳನ್ನು ಬಾಧಿಸುವ ಇನ್ನೊಂದು ರೋಗವನ್ನು ಜರ್ಮನಿಯ ವೆಗನರನು 1936ರಲ್ಲಿಯೂ 1939ರಲ್ಲಿಯೂ ವರ್ಣಿಸಿದನು. ಹೆಸರು ದೊರೆತರೂ ಮದ್ದು ದೊರೆಯಲಿಲ್ಲ. 1958ರಲ್ಲಿ ವಾಲ್ಟನನು ತೋರಿಸಿದಂತೆ, ಚಿಕಿತ್ಸೆಯಿಲ್ಲದ ವೆಗನರ್ ರೋಗಿಗಳು ಸರಾಸರಿ 5 ತಿಂಗಳು ಬದುಕುತ್ತಿದ್ದರು. ನೂರಕ್ಕೆ 82 ಮಂದಿ ವರ್ಷದೊಳಗೆ ಸಾಯುತ್ತಿದ್ದರು.

ಅಮೆರಿಕದ ಫೌಚಿ, ವುಲ್ಫ್ ಮೊದಲಾದವರು ಸ್ಟೀರಾಯ್ಡಿನೊಡನೆ ಸೈಕ್ಲೊಫಾಸ್ಫಮೈಡನ್ನು ಕೊಟ್ಟು, 1983ರಲ್ಲಿ 85 ರೋಗಿಗಳ ಪೈಕಿ ನೂರಕ್ಕೆ 93ರಷ್ಟು ಮಂದಿಯಲ್ಲಿ ರೋಗವು ಪೂರ್ಣವಾಗಿ ಶಮನವಾದುದನ್ನು ವರದಿಮಾಡಿದರು. ಆದರೆ ಆ ಔಷಧವೇ ಸೋಂಕು, ಮೂತ್ರಕೋಶದ ಹಾನಿ, ಬಂಜೆತನ, ಕ್ಯಾನ್ಸರುಗಳಿಗೆ ದಾರಿಯಾಗುತ್ತಿದ್ದಿತು. ಅಷ್ಟರಲ್ಲಿ 1982ರಲ್ಲಿ ಆಸ್ಟ್ರೇಲಿಯದ ವೈದ್ಯರೂ, 1985ರಲ್ಲಿ ಡಚ್ ಮತ್ತು ಡೇನಿಷ್ ವೈದ್ಯರೂ ರೋಗಿಗಳ ರಕ್ತದಲ್ಲಿ ತಮ್ಮವೇ ಬಿಳಿಯ ರಕ್ತಕಣಗಳನ್ನು ಗುರಿಯಾಗಿಸುವ ಪ್ರತಿಕಾಯಗಳನ್ನು ಕಂಡರು. ಪ್ರತಿಕಾಯವನ್ನು ತಯಾರಿಸುವ ಕಣಗಳಿಗೆ ಮೂಲವಾದ ಬಿ ಕಣಗಳನ್ನು ನೀಗಿಸುವ ರಿಟುಕ್ಸಿಮ್ಯಾಬ್ ಹಳೆಯ ಔಷಧಕ್ಕೆ ಕಡಮೆಯಲ್ಲವೆಂದು 2010ರಲ್ಲಿ ಸಿದ್ಧವಾಯಿತು. 704 ರೋಗಿಗಳ ಪರೀಕ್ಷೆಯೊಂದು, ಸ್ಟೀರಾಯ್ಡಿನ ಪ್ರಮಾಣವನ್ನು ಬಹಳವಾಗಿ ಇಳಿಸಿದರೂ ಫಲವು ಕುಂದದೆಂದೂ ಗಂಭೀರ ಸೋಂಕುಗಳು ಕಡಮೆಯಾಗುವುವೆಂದೂ 2020ರಲ್ಲಿ ತೋರಿಸಿತು.

ಇತ್ತ ಹೆಸರೂ ಬದಲಾಯಿತು. ವೆಗನರನು ನಾಟ್ಸಿ ಪಕ್ಷದ ಸದಸ್ಯನಾಗಿದ್ದ ಸಂಗತಿ ಬೆಳಕಿಗೆ ಬಂದಮೇಲೆ, 2011ರಲ್ಲಿ ವಿದ್ವತ್ಸಂಸ್ಥೆಗಳು ಅವನ ಹೆಸರನ್ನು ಬಿಟ್ಟು ‘ಗ್ರ್ಯಾನ್ಯುಲೊಮಟೋಸಿಸ್ ವಿತ್ ಪಾಲಿಆಂಜೈಟಿಸ್’ ಎಂಬುದನ್ನು ಸೂಚಿಸಿದುವು. ಇದೂ ರೂಪವನ್ನೇ ಹೇಳುವ ಹೆಸರು. ಆ ಪ್ರತಿಕಾಯಗಳು ಮೊದಲಲ್ಲಿ ಏತಕ್ಕೆ ಹುಟ್ಟುವುವೆಂಬುದು ಪೂರ್ಣವಾಗಿ ತಿಳಿಯುವವರೆಗೆ, ಕಾರಣವನ್ನು ಹೇಳುವ ಹೆಸರು ಈ ರೋಗಕ್ಕೆ ದೊರೆಯಲಾರದು.