ರೇವಾ, ಜಿ-ವಿಝ್ ಮತ್ತು ನಮ್ಮ ಎರೆ ಮಣ್ಣಿನ ರಸ್ತೆ

ಮೊನ್ನೆ ಗೆಳೆಯನೊಬ್ಬ ಹೊಸ ಎಲೆಕ್ಟ್ರಿಕ್ ಕಾರು ತಂದಿದ್ದ. ಉಣಕಲ್ಲಿನಿಂದ ಧಾರವಾಡದ ಜುಬಿಲಿ ಸರ್ಕಲ್‌ವರೆಗೆ ಕರೆದುಕೊಂಡು ಹೋದ. ದೊಡ್ಡ ರಸ್ತೆಯಲ್ಲಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸಾಗಿತು. ವಾಪಸು ಬಂದು ಹುಬ್ಬಳ್ಳಿಯ ಒಳರಸ್ತೆಗೆ ಇಳಿದದ್ದೇ ತಡ, ಡ್ಯಾಶ್‌ಬೋರ್ಡಿನೊಳಗೆ ಎಲ್ಲೋ ‘ಕಿರ್ ಕಿರ್’ ಶುರುವಾಯಿತು. “ಹಳೇ ಡೀಸೆಲ್ ಗಾಡ್ಯಾಗ ಇಂಥಾ ಸಪ್ಪಳ ಇರ್ಲೇ ಇಲ್ಲ ನೋಡಪಾ” ಅಂದ. ಇತ್ತು ಮಾರಾಯಾ, ಎಂಜಿನ್ನಿನ ಗದ್ದಲದಲ್ಲಿ ನಿನಗೆ ಕೇಳಿಸ್ತಿರಲಿಲ್ಲ ಅಷ್ಟೇ ಅಂದೆ. ಮೋಟಾರಿನ ಗಾಡಿಯಲ್ಲಿ ಮರೆಮಾಚಲು ಗದ್ದಲವೇ ಇಲ್ಲ, ಕಟ್ಟಿದವರ ಕೈಯ ಕೆಲಸ ನೇರವಾಗಿ ಕಿವಿಗೆ ಬೀಳುತ್ತದೆ.

ಆಗ ನೆನಪಾದದ್ದು ರೇವಾ. ನೆನಪಿದೆಯಾ ನಿಮಗೆ? ಬೆಂಗಳೂರಿನಲ್ಲಿ ಆಟಿಕೆಯ ಹಾಗೆ ಓಡಾಡುತ್ತಿದ್ದ ಆ ಎರಡು ಬಾಗಿಲಿನ ಗಾಡಿ?

ಅದರ ಹಿಂದಿದ್ದವರು ಚೇತನ್ ಮೈನಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ 1990ರಲ್ಲಿ ಸೌರ ಕಾರು ಕಟ್ಟಿ ಸ್ಪರ್ಧೆ ಗೆದ್ದ ತಂಡದಲ್ಲಿದ್ದವರು. 1994ರಲ್ಲಿ ಮೈನಿ ಬಳಗ ಮತ್ತು ಅಮೆರಿಕದ ಅಮೆರಿಗಾನ್ ಕೂಡಿ ಕಂಪನಿ ಮಾಡಿದವು. ಕಾರು ರಸ್ತೆಗೆ ಬಂದದ್ದು 2001ರಲ್ಲಿ. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಕೆ, ಸೀಟಿನ ಕೆಳಗೆ ಸೀಸ-ಆಮ್ಲದ ಬ್ಯಾಟರಿಗಳು. ಬಣ್ಣ ಪ್ಲಾಸ್ಟಿಕ್ಕಿನೊಳಗೇ ಬೆರೆತಿತ್ತು, ಸಣ್ಣಪುಟ್ಟ ಗುದ್ದಿಗೆ ತಗ್ಗು ಬೀಳುತ್ತಿರಲಿಲ್ಲ. ಒಳ್ಳೆಯ ಉಪಾಯ.

ಇನ್ನು ಅಳತೆ ನೋಡಿ. ಉದ್ದ 2.6 ಮೀಟರು, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಬರೀ 1.7 ಮೀಟರು. ಇಷ್ಟು ಗಿಡ್ಡ ಗಾಡಿ ಇಕ್ಕಟ್ಟಿನಲ್ಲಿ ಬುಗುರಿಯಂತೆ ತಿರುಗುತ್ತದೆ. ಭಾರವೆಲ್ಲ ಕೆಳಗಿದ್ದದ್ದರಿಂದ ಸುಲಭಕ್ಕೆ ವಾಲುವುದೂ ಇಲ್ಲ. ಆದರೆ ಉಬ್ಬು ಬಂದಾಗ ಮುಂದಿನ ಗಾಲಿ ಇಳಿಯುವಷ್ಟರಲ್ಲೇ ಹಿಂದಿನದು ಏರುತ್ತದೆ. ತೊಟ್ಟಿಲಲ್ಲ, ಒರಳು! ಹಗುರ ಗಾಡಿಗೆ ಇನ್ನೊಂದು ಕಷ್ಟ. ಖಾಲಿ ಇದ್ದಾಗಿನ ತೂಕಕ್ಕೂ ಜನ ಹತ್ತಿದಾಗಿನ ತೂಕಕ್ಕೂ ಅಂತರ ದೊಡ್ಡದು, ಹಾಗಾಗಿ ಸ್ಪ್ರಿಂಗು ಬಿರುಸಾಗಿರಲೇಬೇಕು.

ಹುಬ್ಬಳ್ಳಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರು ಸಮ ಉಳಿಯುವುದೆಲ್ಲಿಂದ ಬಂತು? ಧಾರವಾಡ ದಾಟಿ ಪಶ್ಚಿಮಕ್ಕೆ ಕೆಂಪು ಮಣ್ಣು ಸಿಕ್ಕರೆ ಕಥೆ ಬೇರೆ.

2004ರಿಂದ ಇದೇ ಗಾಡಿ ‘ಜಿ-ವಿಝ್’ ಹೆಸರಿನಲ್ಲಿ ಲಂಡನ್ನಿಗೆ ಹೋಯಿತು. ಅಲ್ಲಿನ ದಟ್ಟಣೆ ಶುಲ್ಕ ಇದಕ್ಕಿರಲಿಲ್ಲ, ಸಾವಿರಕ್ಕೂ ಹೆಚ್ಚು ಗಾಡಿಗಳು ಓಡಿದವು. ಒಳಗುಟ್ಟು ಏನಪ್ಪಾ ಅಂದರೆ, ಯುರೋಪಿನ ಕಾನೂನಿನಲ್ಲಿ ಇದು ಕಾರೇ ಅಲ್ಲ, ‘ಕ್ವಾಡ್ರಿಸೈಕಲ್’. ಬ್ಯಾಟರಿ ಬಿಟ್ಟು 400 ಕಿಲೊ ಮೀರದಿದ್ದರೆ ಆ ವರ್ಗ. ಆ ವರ್ಗಕ್ಕೆ ಕಾರಿಗಿರುವ ಡಿಕ್ಕಿ ಪರೀಕ್ಷೆ ಕಡ್ಡಾಯವಿರಲಿಲ್ಲ. ಗಟ್ಟಿ ಮಾಡಲು ಉಕ್ಕು ಸೇರಿಸುತ್ತ ಹೋದರೆ 400 ಕಿಲೊ ದಾಟುತ್ತದೆ, ದಾಟಿದರೆ ರಿಯಾಯಿತಿ ಹೋಗುತ್ತದೆ. 2007ರಲ್ಲಿ ಟಾಪ್ ಗೇರ್ ಪತ್ರಿಕೆ ಗಂಟೆಗೆ 40 ಮೈಲಿ ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿದಾಗ ಮುಂಭಾಗ ಜಜ್ಜಿ ಹೋಯಿತು. ಜನ ನಕ್ಕರು. 2010ರಲ್ಲಿ ಅದೇ ಲಂಡನ್ನಿನ ಅಪಘಾತದಲ್ಲಿ ಜಿ-ವಿಝ್ ಓಡಿಸುತ್ತಿದ್ದ ಮಹಿಳೆಯೊಬ್ಬರು ತೀರಿಕೊಂಡರು. ಅದು ನಗುವ ಮಾತಾಗಿರಲಿಲ್ಲ.

ಕಂಪನಿ ಸುಮ್ಮನೆ ಕೂತಿರಲಿಲ್ಲ ಅನ್ನುವುದನ್ನೂ ಹೇಳಬೇಕು. 2008ರ ರೇವಾ-ಐಯಲ್ಲಿ ಎಸಿ ಮೋಟಾರು, ಮುಂದೆ ಡಿಸ್ಕ್ ಬ್ರೇಕು, ಬಲಪಡಿಸಿದ ಚೌಕಟ್ಟು ಬಂದವು. 2009ರಲ್ಲಿ ಲಿಥಿಯಂ ಬ್ಯಾಟರಿ. ಹಣ ಮಾತ್ರ ಸಾಲಲಿಲ್ಲ ಅಂತ ನನ್ನ ಲೆಕ್ಕ. 2010ರ ಮೇ ತಿಂಗಳಲ್ಲಿ ಮಹೀಂದ್ರಾ 55.2 ಶೇಕಡಾ ಪಾಲು ಕೊಂಡಿತು. 2013ರಲ್ಲಿ ಬಂದ ಇ2ಒ ಉದ್ದವಾಗಿತ್ತು, ಆದರೆ ಅದೇ ಕೊಳವೆ ಚೌಕಟ್ಟು, ಅದೇ ಪ್ಲಾಸ್ಟಿಕ್ ಮೈ. 2019ರಲ್ಲಿ ಡಿಕ್ಕಿ ಪರೀಕ್ಷೆ ಭಾರತದಲ್ಲಿ ಎಲ್ಲ ಕಾರಿಗೂ ಕಡ್ಡಾಯವಾದ ಹೊತ್ತಿಗೆ ಅದರ ಆಟ ಮುಗಿದಿತ್ತು.

ಮೋಟಾರು ನಮಗೆ ಎಂದೂ ಸಮಸ್ಯೆಯಾಗಿರಲಿಲ್ಲ. ಗೋಕುಲ ರಸ್ತೆಯ ಕಿರ್ಲೋಸ್ಕರ್ ಎಲೆಕ್ಟ್ರಿಕ್, ರಾಯಾಪುರದ ಎನ್‌ಜಿಇಎಫ್ ನೋಡಿಕೊಂಡೇ ಬೆಳೆದ ಊರು ಇದು. ಕಷ್ಟ ಇದ್ದದ್ದು ಮೋಟಾರಿನ ಸುತ್ತ ಕಾರು ಕಟ್ಟುವುದರಲ್ಲಿ.

ಈಗಿನ ಗಾಡಿಗಳಲ್ಲಿ ಬ್ಯಾಟರಿಯೇ ಎರಡು-ಮೂರು ನೂರು ಕಿಲೊ ತೂಗುತ್ತದೆ, ಉದ್ದನೆಯ ನೆಲದಡಿ ಹಾಸಿರುತ್ತಾರೆ. ರೇವಾಕ್ಕೆ ಶತ್ರುವಾಗಿದ್ದ ಭಾರವೇ ಇಂದು ಗಾಡಿಯನ್ನು ರಸ್ತೆಗೆ ಅಂಟಿಸಿ ಹಿಡಿಯುತ್ತದೆ. 2021ರಲ್ಲಿ ಟಿಗೋರ್‌ನ ಎಲೆಕ್ಟ್ರಿಕ್ ಕಾರು ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 4 ನಕ್ಷತ್ರ, 2024ರಲ್ಲಿ ನೆಕ್ಸಾನ್‌ನದು ಭಾರತ್ ಎನ್‌ಕ್ಯಾಪ್‌ನಲ್ಲಿ 5 ನಕ್ಷತ್ರ ಗಳಿಸಿದವು. ಆದರೆ ಭಾರದ ಗಾಡಿ ಗುಂಡಿಗೆ ಬಿದ್ದರೆ ಏಟೂ ಭಾರದ್ದೇ. ಟೈರು, ಬುಷ್ಷು ಬೇಗ ಸವೆಯುತ್ತವೆ.

ಗೆಳೆಯ ಇನ್ನೂ ಆ ಕಿರ್ ಕಿರ್ ಹುಡುಕುತ್ತಿದ್ದಾನೆ. ಮಳೆಗಾಲ ಮುಗಿದು ರಸ್ತೆ ರಿಪೇರಿ ಆದಮೇಲೆ ಸರ್ವಿಸಿಗೆ ಬಿಡ್ತಾನಂತೆ. ರಸ್ತೆ ರಿಪೇರಿ ಆದಮೇಲೆ!